ಟ್ರೆಡ್‌ಮಿಲ್ ಕಳುಹಿಸಿದರೆ ಸಾಲದು

ಇತ್ತೀಚಿನ ವರ್ಷಗಳಲ್ಲಿ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಹೊಸದೊಂದು ಯಂತ್ರ ಪ್ರವೇಶ ಪಡೆದಿದೆ. ಒಂದು ಕಾಲಕ್ಕೆ ಹೊಲಿಗೆ ಯಂತ್ರವಿದ್ದ, ಆಮೇಲೆ ಕಂಪ್ಯೂಟರ್ ಮೇಜು ಬಂದ ಜಾಗದಲ್ಲಿ ಈಗ ಟ್ರೆಡ್‌ಮಿಲ್ ನಿಂತಿದೆ. ವಿಚಾರಿಸಿದರೆ ಹಿರಿಯರು "ಮಗ ಕಳಿಸಿದ್ದು" ಎಂದೋ "ಮಗಳು ಹುಟ್ಟುಹಬ್ಬಕ್ಕೆ ಕೊಡಿಸಿದ್ದು" ಎಂದೋ ಹೆಮ್ಮೆಯಿಂದ ಹೇಳುತ್ತಾರೆ. ಹೀಗೆ ಕಳುಹಿಸುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಅನೇಕರಿದ್ದಾರೆ. ಬೆಂಗಳೂರಿನಲ್ಲಿಯೋ ಹೈದರಾಬಾದಿನಲ್ಲಿಯೋ ಸಮುದ್ರದಾಚೆಯೋ ಕುಳಿತು, ಊರಿನಲ್ಲಿರುವ ತಂದೆತಾಯಿಯರ ಮೊಣಕಾಲು, ಸಕ್ಕರೆ, ರಕ್ತದೊತ್ತಡಗಳ ಬಗ್ಗೆ ಚಿಂತಿಸಿ ಇದನ್ನು ತರಿಸಿಕೊಡುತ್ತಾರೆ. ಉದ್ದೇಶ ಶ್ಲಾಘನೀಯವೇ. ಆದರೆ ಯಂತ್ರವೊಂದನ್ನೇ ಕಳುಹಿಸಿದರೆ ಅದು ಅರ್ಧ ಉಡುಗೊರೆ ಮಾತ್ರ. ಅದನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ, ಜೋಡಣೆಯನ್ನು ಪರೀಕ್ಷಿಸಿ, ನಡೆಯುವವರ ಪಕ್ಕದಲ್ಲಿ ನಿಂತು ಕಲಿಸಿಕೊಡುವ ಅರ್ಧ ದಿನವೇ ಉಳಿದರ್ಧ. ಈ ಉಳಿದರ್ಧ ಇಲ್ಲದಿದ್ದರೆ ಮೊದಲಿನ ಅರ್ಧ ಅಪಾಯಕಾರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಈ ಯಂತ್ರದ ಹೆಸರಿನಲ್ಲಿಯೇ 'ಮಿಲ್', ಅಂದರೆ ಗಿರಣಿ ಇದೆ. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲಿಷ್ ಎಂಜಿನಿಯರ್ ಇದರ ಪೂರ್ವಜನನ್ನು ರೂಪಿಸಿದ್ದು ಸೆರೆಮನೆಯ ಕೈದಿಗಳಿಗಾಗಿ. ದೊಡ್ಡ ಚಕ್ರವೊಂದರ ಮೆಟ್ಟಿಲುಗಳನ್ನು ಕೈದಿಗಳು ಗಂಟೆಗಟ್ಟಲೆ ತುಳಿಯಬೇಕಿತ್ತು. ಕೆಲವೆಡೆ ಆ ಶ್ರಮದಿಂದ ಕಾಳು ಬೀಸಲಾಗುತ್ತಿತ್ತು, ಕೆಲವೆಡೆ ಅದು ಬರಿಯ ಶಿಕ್ಷೆ. ಬ್ರಿಟನ್ನಿನಲ್ಲಿ 1898ರ ಕಾರಾಗೃಹ ಕಾಯ್ದೆಯೊಂದಿಗೆ ಆ ಶಿಕ್ಷೆ ಕೊನೆಗೊಂಡಿತು. ಮುಂದೆ ಅಮೆರಿಕದ ಸಿಯಾಟಲ್‌ನಲ್ಲಿ ರಾಬರ್ಟ್ ಬ್ರೂಸ್ ಎಂಬ ಹೃದ್ರೋಗ ತಜ್ಞರು, ವಿದ್ಯುತ್ತಿನಿಂದ ಚಲಿಸುವ ಪಟ್ಟಿಯ ಮೇಲೆ ರೋಗಿಯನ್ನು ನಡೆಸಿ ಹೃದಯವನ್ನು ಪರೀಕ್ಷಿಸುವ ಕ್ರಮವನ್ನು ಬೆಳೆಸಿದರು. 1963ರಲ್ಲಿ ಅವರು ಪ್ರಕಟಿಸಿದ ಹಂತಹಂತದ ವಿಧಾನವೇ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ 'ಟಿ.ಎಂ.ಟಿ.' ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಮೂರು ಮೂರು ನಿಮಿಷಕ್ಕೊಮ್ಮೆ ವೇಗ ಮತ್ತು ಇಳಿಜಾರು ಏರುತ್ತ ಹೋಗುತ್ತವೆ.

ಆ ಪರೀಕ್ಷೆಗೆ ಒಳಗಾದವರು ಒಂದು ವಿಷಯವನ್ನು ಗಮನಿಸಿರಬೇಕು. ಅಲ್ಲಿ ನಮ್ಮನ್ನು ಎಂದೂ ಒಂಟಿಯಾಗಿ ಬಿಡುವುದಿಲ್ಲ. ಪಕ್ಕದಲ್ಲಿ ವೈದ್ಯರೋ ತಂತ್ರಜ್ಞರೋ ನಿಂತಿರುತ್ತಾರೆ. ಎದೆಗೆ ಇ.ಸಿ.ಜಿ. ತಂತಿಗಳಿರುತ್ತವೆ, ನಿಲ್ಲಿಸುವ ಗುಂಡಿಯ ಮೇಲೆ ಒಬ್ಬರ ಕಣ್ಣಿರುತ್ತದೆ. ಅದೇ ಯಂತ್ರ ಮನೆಗೆ ಬಂದಾಗ, ಅರವತ್ತೆಂಟು ವರ್ಷದವರೊಬ್ಬರು ಪಂಚೆ ಉಟ್ಟು, ಬರಿಗಾಲಲ್ಲಿ, ಯಾರೂ ಇಲ್ಲದ ಹೊತ್ತಿನಲ್ಲಿ ಅದರ ಮೇಲೆ ಹತ್ತುತ್ತಾರೆ. ಈ ವೈರುಧ್ಯವನ್ನು ನಾವು ಯೋಚಿಸುವುದೇ ಇಲ್ಲ.

ನನಗೆ ಪರಿಚಿತರಾದ ನಿವೃತ್ತರೊಬ್ಬರ ಮನೆಯಲ್ಲಿ ನಡೆದುದನ್ನು ಹೇಳುತ್ತೇನೆ. ಯಂತ್ರದ ಪೆಟ್ಟಿಗೆಯನ್ನು ಗೇಟಿನ ಬಳಿ ಇಳಿಸಿ ಹೋದರು. ನಾಲ್ಕು ದಿನಗಳ ನಂತರ ಜೋಡಿಸುವ ಹುಡುಗ ಬಂದು ಇಪ್ಪತ್ತು ನಿಮಿಷಗಳಲ್ಲಿ ಕೆಲಸ ಮುಗಿಸಿದ. ಉಳಿದ ಎರಡು ಬೋಲ್ಟುಗಳನ್ನು ಕಿಟಕಿಯ ಮೇಲಿಟ್ಟು "ಇವು ಎಕ್ಸ್‌ಟ್ರಾ" ಎಂದ. ಟಿ.ವಿ. ಕಾಣಲೆಂದು ಯಂತ್ರದ ಮುಖವನ್ನು ಹಾಲಿನ ಕಡೆಗೆ ತಿರುಗಿಸಿ, ಬೆನ್ನನ್ನು ಗೋಡೆಗೆ ಒಂದೂವರೆ ಅಡಿ ದೂರದಲ್ಲಿ ಇರಿಸಲಾಯಿತು. ಮೂರನೆಯ ವಾರ ಅವರು ನಡೆಯುತ್ತಲೇ ವೇಗ ಹೆಚ್ಚಿಸಲು ಕೈಚಾಚಿದಾಗ ಪಂಚೆಯ ಅಂಚು ಕಾಲಿಗೆ ತೊಡರಿತು. ಬಿದ್ದವರು ಹಿಂದಿನ ಗೋಡೆಗೂ ಓಡುತ್ತಿದ್ದ ಪಟ್ಟಿಗೂ ನಡುವೆ ಸಿಕ್ಕಿಕೊಂಡರು. ಪಟ್ಟಿ ನಿಲ್ಲಲಿಲ್ಲ, ಮೊಣಕಾಲಿನ ಚರ್ಮವನ್ನು ಉಜ್ಜುತ್ತಲೇ ಇತ್ತು. ಅಡುಗೆಮನೆಯಿಂದ ಓಡಿಬಂದ ಅವರ ಪತ್ನಿಗೆ ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ಗೋಡೆಯ ಸ್ವಿಚ್ಚು ಹುಡುಕುವುದರೊಳಗೆ ಆಗಬೇಕಾದ ಅನಾಹುತ ಆಗಿತ್ತು. ಆರು ವಾರ ಡ್ರೆಸ್ಸಿಂಗ್ ಮಾಡಿಸಿಕೊಂಡರು. ಈಗ ಆ ಯಂತ್ರದ ಮೇಲೆ ಟವೆಲ್ಲುಗಳು ಒಣಗುತ್ತಿವೆ. ಅವರ ಮಗ ನನ್ನ ವಿದ್ಯಾರ್ಥಿ. ಫೋನಿನಲ್ಲಿ ನೊಂದುಕೊಂಡು, "ಒಳ್ಳೆಯ ಮಾಡೆಲ್ಲನ್ನೇ ಕಳಿಸಿದ್ದೆ ಸಾರ್" ಎಂದ. ಅವನ ಮಾತು ನಿಜ. ಯಂತ್ರ ಒಳ್ಳೆಯದೇ ಆಗಿತ್ತು.

ಆ ಯಂತ್ರದಲ್ಲಿ ಒಂದು ಪುಟ್ಟ ಕೆಂಪು ಕೀಲಿ ಇತ್ತು. ಎಲ್ಲ ಟ್ರೆಡ್‌ಮಿಲ್‌ಗಳಲ್ಲಿಯೂ ಸಾಮಾನ್ಯವಾಗಿ ಇರುತ್ತದೆ. ಅದಕ್ಕೊಂದು ದಾರ, ದಾರದ ತುದಿಗೊಂದು ಕ್ಲಿಪ್ಪು. ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಂಡು ನಡೆಯಬೇಕು. ನಡೆಯುವವರು ಹಿಂದಕ್ಕೆ ಜಾರಿದೊಡನೆ ದಾರ ಎಳೆದು ಕೀಲಿ ಕಳಚಿಕೊಳ್ಳುತ್ತದೆ, ಮೋಟರಿಗೆ ವಿದ್ಯುತ್ ಕಡಿದು ಪಟ್ಟಿ ನಿಲ್ಲುತ್ತದೆ. ಆ ಮನೆಯಲ್ಲಿ ಕೀಲಿ ತನ್ನ ಜಾಗದಲ್ಲಿಯೇ ಇತ್ತು, ಕ್ಲಿಪ್ಪು ಮಾತ್ರ ಸುಮ್ಮನೆ ನೇತಾಡುತ್ತಿತ್ತು. ಅದು ಏತಕ್ಕೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಅಶ್ವಶಕ್ತಿ ಎಷ್ಟು, ಹಾಡು ಕೇಳಲು ಸ್ಪೀಕರ್ ಇದೆಯೇ ಎಂದು ವಿಚಾರಿಸಿ ಕೊಂಡ ಯಂತ್ರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಭಾಗ ಈ ಕೆಂಪು ಕೀಲಿಯೇ.

ಹಿರಿಯರಿಗಿಂತ ಹೆಚ್ಚಿನ ಅಪಾಯ ಮಕ್ಕಳಿಗೆ. ಬಾಕ್ಸರ್ ಮೈಕ್ ಟೈಸನ್ ಅವರ ನಾಲ್ಕು ವರ್ಷದ ಮಗಳು 2009ರ ಮೇ ತಿಂಗಳಲ್ಲಿ, ಮನೆಯ ಟ್ರೆಡ್‌ಮಿಲ್‌ನಿಂದ ನೇತಾಡುತ್ತಿದ್ದ ಹುರಿ ಕೊರಳಿಗೆ ಸಿಕ್ಕಿ ಅಸುನೀಗಿದಳು. 2021ರ ಮೇ ತಿಂಗಳಲ್ಲಿ ಪೆಲೋಟನ್ ಕಂಪನಿಯು ಟ್ರೆಡ್ ಪ್ಲಸ್ ಮಾದರಿಯ ಸುಮಾರು 1,25,000 ಯಂತ್ರಗಳನ್ನು ಅಮೆರಿಕದಲ್ಲಿ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಮಕ್ಕಳು, ಸಾಕುಪ್ರಾಣಿಗಳು, ವಸ್ತುಗಳು ಯಂತ್ರದ ಹಿಂಭಾಗದ ಅಡಿಗೆ ಸೆಳೆಯಲ್ಪಟ್ಟ 70ಕ್ಕೂ ಹೆಚ್ಚು ವರದಿಗಳು ಬಂದಿದ್ದವು, ಆರು ವರ್ಷದ ಮಗುವೊಂದು ಪ್ರಾಣ ಕಳೆದುಕೊಂಡಿತ್ತು. ನಮ್ಮ ಊರುಗಳಲ್ಲಿ ಅಕ್ಕಿ ಗಿರಣಿಯ ಬೆಲ್ಟಿನ ಬಳಿಗೆ ಮಕ್ಕಳನ್ನು ಸುಳಿಯಗೊಡುತ್ತಿರಲಿಲ್ಲ. ಗಿರಣಿಯ ಬೆಲ್ಟು ಸದ್ದು ಮಾಡಿ ಹೆದರಿಸುತ್ತಿತ್ತು. ಟ್ರೆಡ್‌ಮಿಲ್ ಹೆದರಿಸುವುದಿಲ್ಲ, ಸೋಫಾದ ಪಕ್ಕ ಪೀಠೋಪಕರಣದಂತೆ ನಿಂತಿರುತ್ತದೆ. ಬೇಸಿಗೆ ರಜೆಗೆ ಮೊಮ್ಮಕ್ಕಳು ಬಂದಾಗ ಅವರ ಕಣ್ಣಿಗೆ ಅದು ಆಟದ ಸಾಮಾನು. ಆದ್ದರಿಂದ ನಡಿಗೆ ಮುಗಿದೊಡನೆ ಪ್ಲಗ್ ತೆಗೆಯಬೇಕು. ಕೀಲಿಯನ್ನು ದಾರಸಮೇತ ತೆಗೆದು ಮಕ್ಕಳ ಕೈಗೆಟುಕದ ಎತ್ತರದಲ್ಲಿ ಇಡಬೇಕು. ಯಾರಾದರೂ ನಡೆಯುತ್ತಿರುವಾಗ ಮಕ್ಕಳು ಆ ಕೋಣೆಯಲ್ಲಿ ಇರಕೂಡದು.

ಇನ್ನು ಆ ಅರ್ಧ ದಿನದಲ್ಲಿ ಮಾಡಬೇಕಾದುದೇನು? ಮೊದಲನೆಯದು ಜಾಗ. ಯಂತ್ರದ ಹಿಂದೆ ಸುಮಾರು ಎರಡು ಮೀಟರು, ಅಂದರೆ ಆರೂವರೆ ಅಡಿ ತೆರವಿರಬೇಕು. ಎರಡೂ ಪಕ್ಕಗಳಲ್ಲಿ ಎರಡೆರಡು ಅಡಿ ಬೇಕು. ಹಿಂದೆ ಗೋಡೆ, ಮಂಚ, ಗಾಜಿನ ಶೋಕೇಸು ಯಾವುದೂ ಇರಕೂಡದು. ಅಷ್ಟು ಜಾಗ ಮನೆಯಲ್ಲಿ ಇಲ್ಲವಾದರೆ ಟ್ರೆಡ್‌ಮಿಲ್ ಆ ಮನೆಗೆ ತಕ್ಕುದಲ್ಲ. ಹಣ ಉಳಿಸಿ, ಅಪ್ಪನಿಗೆ ಒಳ್ಳೆಯ ಬೂಟುಗಳನ್ನು ಕೊಡಿಸಿರಿ.

ಎರಡನೆಯದು ವಿದ್ಯುತ್ತು. ನನ್ನ ತರಗತಿಯಲ್ಲಿ ಕುಳಿತವರಿಗೆ ಈ ಲೆಕ್ಕ ಮರೆತಿರಲಾರದು. ಒಂದು ಅಶ್ವಶಕ್ತಿಗೆ 746 ವ್ಯಾಟ್. ಜಾಹೀರಾತಿನಲ್ಲಿ ಹೇಳುವ 4 ಅಶ್ವಶಕ್ತಿಗೆ 2984 ವ್ಯಾಟ್. ಟಿ.ವಿ.ಗೆ ಬಳಸುವ 6 ಆಂಪಿಯರ್ ಸಾಕೆಟ್ಟು 230 ವೋಲ್ಟಿನಲ್ಲಿ ಕೊಡಬಲ್ಲದ್ದು 1380 ವ್ಯಾಟ್, ಎಂದರೆ ಎರಡು ಅಶ್ವಶಕ್ತಿಗೂ ಕಡಿಮೆ. ಜಾಹೀರಾತಿನ 'ಪೀಕ್' ಅಂಕಿ ಕ್ಷಣಮಾತ್ರದ್ದು, ನಿರಂತರ ಶಕ್ತಿ ಅದಕ್ಕಿಂತ ಬಹಳ ಕಡಿಮೆ ಎಂಬುದು ನಿಜ. ಆದರೂ ದಪ್ಪ ಪಿನ್ನಿನ ಪ್ಲಗ್ ಬಂದಿದ್ದರೆ ಗೀಸರಿಗೆ ಬಳಸುವಂತಹ 16 ಆಂಪಿಯರ್ ಸಾಕೆಟ್ಟಿಗೇ ಹಾಕಬೇಕು. ಕನ್ವರ್ಟರ್ ಸಿಕ್ಕಿಸಿ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕುವುದು ಬೆಂಕಿಯನ್ನು ಆಹ್ವಾನಿಸಿದಂತೆ. ಹಳೆಯ ಮನೆಯಾದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ಥಿಂಗ್ ಪರೀಕ್ಷಿಸಿರಿ. ಮೂರು ಪಿನ್ನುಗಳಲ್ಲಿ ಮೇಲಿನದು ಉದ್ದವಾಗಿರುವುದು ಅದು ಎಲ್ಲಕ್ಕಿಂತ ಮೊದಲು ಭೂಮಿಯ ಸಂಪರ್ಕ ಹೊಂದಲೆಂದು. ಆ ತಂತಿಯೇ ಗೋಡೆಯೊಳಗೆ ಇಲ್ಲದಿದ್ದರೆ ಉದ್ದದ ಪಿನ್ನಿನಿಂದ ಏನು ಪ್ರಯೋಜನ?

ಮೂರನೆಯದು ಜೋಡಣೆ. ಯಂತ್ರದ ತೂಕ ಐವತ್ತು ಅರವತ್ತು ಕಿಲೋಗ್ರಾಂ, ಕೆಲವೊಮ್ಮೆ ಇನ್ನೂ ಹೆಚ್ಚು. ಆದ್ದರಿಂದ ಇಬ್ಬರು ಬೇಕು, ಅವರಿಬ್ಬರೂ ಅಪ್ಪ ಅಮ್ಮ ಆಗಿರಕೂಡದು. ಮಡಿಸಿದ ಸ್ಥಿತಿಯಲ್ಲಿ ಬಂದ ಯಂತ್ರದ ಕಟ್ಟುಪಟ್ಟಿಯನ್ನು, ಒಬ್ಬರು ಹಿಡಿದುಕೊಳ್ಳುವ ಮೊದಲು ಕತ್ತರಿಸಕೂಡದು. ನಿಲುಗಂಬಗಳೊಳಗೆ ಹಾಯುವ ತಂತಿ ಕಂಬದ ಅಂಚಿಗೆ ಸಿಕ್ಕಿ ಜಜ್ಜಿಹೋಗದಂತೆ ನೋಡಿಕೊಳ್ಳಬೇಕು. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದ ಕೂರಿಸಿ, ನಂತರವಷ್ಟೇ ಅಲೆನ್ ಕೀಯಿಂದ ಒಂದೊಂದಾಗಿ ಬಿಗಿಯಬೇಕು. ಒಂದನ್ನೇ ಪೂರ್ತಿ ಬಿಗಿದರೆ ಮಿಕ್ಕವು ಕೂರುವುದಿಲ್ಲ, ಆಗಲೇ ಅವು 'ಎಕ್ಸ್‌ಟ್ರಾ' ಆಗುವುದು. ಕೈಪಿಡಿಯ ಪಟ್ಟಿಯೊಂದಿಗೆ ಬೋಲ್ಟುಗಳನ್ನು ಎಣಿಸಿ ಲೆಕ್ಕ ಒಪ್ಪಿಸಿದ ಮೇಲೆಯೇ ಜೋಡಿಸುವವನಿಗೆ ಸಹಿ ಹಾಕಿರಿ. ಒಂದು ತಿಂಗಳ ನಂತರ ಎಲ್ಲವನ್ನೂ ಇನ್ನೊಮ್ಮೆ ಬಿಗಿಸಿರಿ, ಅದುರುವ ಯಂತ್ರದಲ್ಲಿ ಬೋಲ್ಟು ಸಡಿಲಾಗುವುದು ಸಹಜ.

ನಾಲ್ಕನೆಯದು ಪಟ್ಟಿಯ ಪರೀಕ್ಷೆ. ಯಾರೂ ಹತ್ತದೆ ನಿಧಾನ ವೇಗದಲ್ಲಿ ಓಡಿಸಿ, ಪಟ್ಟಿ ನಡುವಿನಲ್ಲಿದೆಯೇ ಎಂದು ನೋಡಬೇಕು. ಬಲಕ್ಕೆ ಸರಿಯುತ್ತಿದ್ದರೆ ಹಿಂಬದಿಯ ಬಲ ಬೋಲ್ಟನ್ನು ಗಡಿಯಾರದ ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ, ಒಂದೆರಡು ನಿಮಿಷ ಕಾದು ನೋಡಬೇಕು. ಎಡಕ್ಕೆ ಸರಿದರೆ ಎಡ ಬೋಲ್ಟು. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಪಟ್ಟಿಯ ಅಡಿಗೆ ಕೈಪಿಡಿ ಹೇಳಿದಾಗ, ಹೇಳಿದಷ್ಟು ಸಿಲಿಕೋನ್ ಎಣ್ಣೆ ಮಾತ್ರ ಹಾಕಬೇಕು. ನಮ್ಮ ಮನೆಗಳಲ್ಲಿ ಕಿರುಗುಟ್ಟುವ ಎಲ್ಲಕ್ಕೂ ಕೊಬ್ಬರಿ ಎಣ್ಣೆಯೇ ಮದ್ದು. ಇಲ್ಲಿ ಕೊಬ್ಬರಿ ಎಣ್ಣೆಯಾಗಲಿ ಹೊಲಿಗೆ ಯಂತ್ರದ ಎಣ್ಣೆಯಾಗಲಿ ಕೂಡದು, ಪಟ್ಟಿ ಹಾಳಾಗುತ್ತದೆ. ಈ ಯಾವ ಕೆಲಸಕ್ಕೂ ಓಡುತ್ತಿರುವ ಪಟ್ಟಿಯ ಬಳಿಗೆ ಬೆರಳನ್ನಾಗಲಿ ಬಟ್ಟೆಯನ್ನಾಗಲಿ ಒಯ್ಯಬಾರದು.

ಕೊನೆಯದು ನಡಿಗೆಯ ಪಾಠ. ಹಿರಿಯರಿಗೆ ಹೃದ್ರೋಗವೋ ಮಧುಮೇಹವೋ ಇದ್ದರೆ ಮೊದಲು ವೈದ್ಯರನ್ನು ಕೇಳಬೇಕು. ಪಂಚೆ, ಸೀರೆ, ನೇತಾಡುವ ವೇಲು ಬೇಡ. ಕಾಲಿಗೆ ಬೂಟು ಬೇಕು. ಮಧುಮೇಹಿಗಳಿಗಂತೂ ಬರಿಗಾಲು ಸಲ್ಲದು. ಪಟ್ಟಿಯ ಮೇಲೆ ನಿಂತು ಯಂತ್ರ ಚಾಲೂ ಮಾಡಬಾರದು. ಎರಡೂ ಪಕ್ಕದ ಅಂಚುಗಳ ಮೇಲೆ ಕಾಲಿಟ್ಟು, ಕ್ಲಿಪ್ಪು ಸಿಕ್ಕಿಸಿಕೊಂಡು, ಅತಿ ಕಡಿಮೆ ವೇಗದಲ್ಲಿ ಪಟ್ಟಿ ಚಲಿಸತೊಡಗಿದ ಮೇಲೆ ಕಂಬಿ ಹಿಡಿದು ಹೆಜ್ಜೆ ಇಡಬೇಕು. ಮೊದಲ ಐದು ನಿಮಿಷ ಮೆಲ್ಲಗೆ, ಕೊನೆಯ ಐದು ನಿಮಿಷ ಮತ್ತೆ ಮೆಲ್ಲಗೆ. ಥಟ್ಟನೆ ನಿಲ್ಲಿಸಿದರೆ ರಕ್ತ ಕಾಲುಗಳಲ್ಲಿಯೇ ಉಳಿದು ತಲೆ ತಿರುಗಬಹುದು. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ನಾಡಿಬಡಿತ ಹೆಚ್ಚು ಏರುವುದಿಲ್ಲವಾದ್ದರಿಂದ, ಅವರು ಪರದೆಯ ಮೇಲಿನ ಅಂಕಿಯನ್ನು ನಂಬಿ ವೇಗ ಹೆಚ್ಚಿಸಬಾರದು. ಎದೆನೋವು, ತಲೆಸುತ್ತು, ಮಿತಿಮೀರಿದ ಏದುಸಿರು ಕಂಡರೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಕರೆಂಟು ಹೋದರೆ ಕೆಳಗಿಳಿದು ಸ್ವಿಚ್ಚು ಆರಿಸಬೇಕು. ಮನೆಯ ಎಲ್ಲರಿಗೂ, ನಡೆಯದವರಿಗೂ ಸಹ, ನಿಲ್ಲಿಸುವುದು ಹೇಗೆಂದು ತೋರಿಸಿ, ಅವರ ಕೈಯಿಂದಲೇ ಒಮ್ಮೆ ಕೀಲಿ ಎಳೆಸಿರಿ. ಆ ಪತ್ನಿಗೆ ಇಷ್ಟು ತಿಳಿದಿದ್ದರೆ ಸಾಕಿತ್ತು.

"ಇಷ್ಟೆಲ್ಲ ರಗಳೆ ಏಕೆ, ಬೀದಿಯಲ್ಲಿ ನಡೆಯಬಾರದೇ?" ಎಂದು ನನ್ನ ಓರಗೆಯವರು ಕೇಳುತ್ತಾರೆ. ನಡೆಯಬಹುದಾದವರು ಧಾರಾಳವಾಗಿ ನಡೆಯಲಿ. ಆದರೆ ಮುರಿದ ಫುಟ್‌ಪಾತು, ಬೀದಿನಾಯಿ, ಮಳೆಗಾಲದ ಕೆಸರು, ಎದುರಿನಿಂದ ನುಗ್ಗುವ ಬೈಕುಗಳ ನಡುವೆ ಎಪ್ಪತ್ತರ ಹೆಂಗಸೊಬ್ಬರು ಮನೆಯೊಳಗೇ ನಡೆಯಲು ಬಯಸಿದರೆ ಅದು ಸೋಮಾರಿತನವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹಿರಿಯರಿಗೂ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ವ್ಯಾಯಾಮ ಬೇಕು. ಅದನ್ನು ಈ ಯಂತ್ರ ಕೊಡಬಲ್ಲದು. ನನ್ನ ಆಕ್ಷೇಪ ಯಂತ್ರದ ಮೇಲಲ್ಲ, ಅದನ್ನು ಒಂಟಿಯಾಗಿ ಕಳುಹಿಸುವುದರ ಮೇಲೆ.

"ರಜೆ ಎಲ್ಲಿದೆ ಸಾರ್?" ಎಂದು ನೀವು ಕೇಳುವಿರಿ. ರಜೆ ಸಿಗುವವರೆಗೆ ಯಂತ್ರವನ್ನೂ ತಡೆಯಿರಿ. ಬರಲು ಸಾಧ್ಯವೇ ಇಲ್ಲದವರು ಊರಿನಲ್ಲಿರುವ ತಮ್ಮನನ್ನೋ ಸೋದರಳಿಯನನ್ನೋ ಕರೆದು, ಜೋಡಣೆಯ ದಿನವಿಡೀ ಅಲ್ಲಿರುವಂತೆ ಕೇಳಿಕೊಳ್ಳಿರಿ. ವಿಡಿಯೊ ಕರೆಯಲ್ಲಿ ನೀವೂ ಜೊತೆಗಿರಿ. ಮೊದಲ ವಾರದ ನಡಿಗೆಗೆ ಪಕ್ಕದಲ್ಲಿ ಒಬ್ಬರಿರಲಿ.

ಭಾನುವಾರದ ಫೋನಿನಲ್ಲಿ ನೀವು "ಅಪ್ಪ, ಇವತ್ತು ಎಷ್ಟು ಕಿಲೋಮೀಟರ್ ಆಯಿತು?" ಎಂದು ಕೇಳುತ್ತೀರೆಂದು ಬಲ್ಲೆ. ಅದಕ್ಕೂ ಮೊದಲು "ಕೀಲಿ ಸಿಕ್ಕಿಸಿಕೊಂಡಿದ್ದಿರಾ? ಈಗ ಎಲ್ಲಿಟ್ಟಿದ್ದೀರಿ?" ಎಂದು ಕೇಳಿರಿ. ಕಿಲೋಮೀಟರಿನ ಲೆಕ್ಕವನ್ನು ಯಂತ್ರವೇ ಇಟ್ಟುಕೊಳ್ಳುತ್ತದೆ.