ಗಿಣ್ಣಿಗೆ ಇರುವ ಮರ್ಯಾದೆ

ನಮ್ಮ ಬಾಣಾವರದಲ್ಲಿ ಯಾರ ಮನೆಯ ಎಮ್ಮೆ ಕರು ಹಾಕಿದರೂ ಅಕ್ಕಪಕ್ಕದ ಮನೆಗಳಿಗೆ ಗಿಣ್ಣು ಬರುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಆ ಗಿಣ್ಣಿಗೆ ಹಲ್ಲಿಲ್ಲದ ಮುದುಕರೂ ಬಾಯಿ ಚಪ್ಪರಿಸುತ್ತಾರೆ. ಅದೇ ಮನೆಯ ಮಗಳು ಹೆತ್ತಾಗ ಎದೆಯಲ್ಲಿ ಒಸರುವ ಹಳದಿ ಹಾಲು ಮಾತ್ರ ಕೆಟ್ಟ ಹಾಲು! ಹಿಂಡಿ ಚೆಲ್ಲಬೇಕಂತೆ.

ನಾನೂ ಚೆಲ್ಲಿದವಳೇ. ಬಿ.ಎ., ಬಿ.ಎಡ್. ಮಾಡಿ ಊರ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು, 1996ರಲ್ಲಿ ಚೊಚ್ಚಲ ಬಾಣಂತಿಯಾಗಿ ತವರಿನಲ್ಲಿ ಮಲಗಿದ್ದಾಗ, “ಗಟ್ಟಿ ಹಾಲು ಕಣವ್ವ, ಮಗೀಗೆ ಅರಗಲ್ಲ” ಎಂದು ಅಜ್ಜಿ ಹೇಳಿದ್ದೇ ತಡ, ಬಟ್ಟೆಗೆ ಹಿಂಡಿ ತೆಗೆದೆ. ಮೂರು ದಿನ ಮಗಳಿಗೆ ಸಕ್ಕರೆ ನೀರು, ಬೆರಳಲ್ಲಿ ಅದ್ದಿದ ಜೇನುತುಪ್ಪ. ನಾಲ್ಕನೆಯ ದಿನ ಎದೆ ಕಲ್ಲಿನಂತಾಗಿ ನನಗೆ ಜ್ವರ ಬಂತು. ಮಗು ಮೊಲೆ ಹಿಡಿಯಲೊಲ್ಲದು. “ಇವಳಿಗೆ ಹಾಲೇ ಇಲ್ಲ” ಎಂಬ ಬಿರುದೂ ಸಿಕ್ಕಿತು. ತಪ್ಪೆಲ್ಲ ಅಜ್ಜಿಯದೇ ಎಂದು ಬಹಳ ವರ್ಷ ಅಂದುಕೊಂಡಿದ್ದೆ.

ಈಗ ಹಾಗನ್ನಿಸುವುದಿಲ್ಲ. ಆಗಸ್ಟ್ ಮೊದಲ ವಾರ ಬಂದರೆ ಸ್ತನ್ಯಪಾನ ಸಪ್ತಾಹದ ಭಾಷಣಗಳು. ಕೆಲವು ತಾಯಂದಿರು ಹಾಲೂಡಿಸಲು ಯಾಕೆ ತಡ ಮಾಡುತ್ತಾರೆ ಎಂದು ವೇದಿಕೆಯ ಮೇಲಿನವರು ಕೇಳುತ್ತಾರೆ. ಆ ಪ್ರಶ್ನೆಯೇ ಸರಿಯಿಲ್ಲ. ತಡ ಮಾಡುವವಳು ತಾಯಿಯಲ್ಲ. ಹೆತ್ತು ಸುಸ್ತಾಗಿ ಬಿದ್ದವಳನ್ನು ಯಾರಾದರೂ ಒಂದು ಮಾತು ಕೇಳುತ್ತಾರೆಯೇ? ಕೂಸನ್ನು ಮೊದಲು ಯಾರು ಎತ್ತಬೇಕು, ಬಾಯಿಗೆ ಏನು ಹಾಕಬೇಕು, ಎಲ್ಲ ಬಾಗಿಲಾಚೆಯೇ ತೀರ್ಮಾನವಾಗಿರುತ್ತದೆ.

ಹಳ್ಳಿಯ ಮೌಢ್ಯ ಎಂದು ಕೈತೊಳೆದುಕೊಳ್ಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಹೆರಿಗೆ ಆಗುವುದು ಆಸ್ಪತ್ರೆಯಲ್ಲಿ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕಂಡ ಮಕ್ಕಳು ಮಾತ್ರ ನೂರಕ್ಕೆ ಸುಮಾರು 42. ಹಾಗಾದರೆ ಉಳಿದ ಕೂಸುಗಳಲ್ಲಿ ಬಹುಪಾಲು ಕಾದದ್ದು ಡಾಕ್ಟರು, ನರ್ಸುಗಳ ಕಣ್ಣೆದುರಿಗೇ ಅಲ್ಲವೇ? ಆಶಾ ಕಾರ್ಯಕರ್ತೆಯನ್ನು ದೂರುವುದೂ ಸುಲಭ. ಆಸ್ಪತ್ರೆ ಹೆರಿಗೆಯಾದರೆ ಅವಳು ಮನೆಗೆ ಬರುವ ಸರದಿ ಮೂರನೆಯ ದಿನ. ಅಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿರುತ್ತದೆ.

ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಬೆಳಿಗ್ಗೆ ಸಿಸೇರಿಯನ್ ಆಗಿತ್ತು. ನಾನು ಹೋದಾಗ ಸಂಜೆ ಐದು. “ಮಿಸ್, ಮಗೂನ ಇನ್ನೂ ನನ್ನ ಕೈಗೇ ಕೊಟ್ಟಿಲ್ಲ” ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ತಾಯಿ ಸುಧಾರಿಸಿಕೊಳ್ಳಲಿ ಎಂದರಂತೆ. ಬೆನ್ನಿಗೆ ಸೂಜಿ ಕೊಟ್ಟು ಮಾಡುವ ಸಿಸೇರಿಯನ್ನಿನಲ್ಲಿ ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಹಿಡಿದುಕೊಳ್ಳಲು ಒಬ್ಬರು ನೆರವಾದರೆ ಅಲ್ಲೇ ಎದೆಗೆ ಹಾಕಬಹುದು. ಆ ಒಬ್ಬರು ಇರಲಿಲ್ಲ. ಇದ್ದದ್ದು ಹಾಲಿನ ಪುಡಿಯ ಡಬ್ಬಿ. ಅದರ ಜಾಹೀರಾತು ಮಾಡಬಾರದೆಂದು 1992ರಲ್ಲೇ ಕಾನೂನಾಗಿದೆ. ಜಾಹೀರಾತು ಇಲ್ಲದೆಯೇ ಡಬ್ಬಿಗೆ ದಾರಿ ಗೊತ್ತು.

“ಹಾಲು ಬಂದಿಲ್ಲ ಟೀಚರಮ್ಮ, ಏನ್ ಮಾಡೋದು?” ಎಂದರು ಅವಳ ತಾಯಿ. ಮೊದಲ ಎರಡು-ಮೂರು ದಿನ ಹಾಲು ಬರುವುದೇ ಚಮಚದ ಲೆಕ್ಕದಲ್ಲಿ, ಕೂಸಿನ ಹೊಟ್ಟೆಯೂ ಅಷ್ಟೇ ಚಿಕ್ಕದು, ಅದು ಚೀಪಿದಷ್ಟೂ ಹಾಲು ಇಳಿಯುತ್ತದೆ ಎಂದೆ. ರೋಗ ತಡೆಯುವ ಶಕ್ತಿ ತುಂಬಿರುವುದು ಆ ಹಳದಿ ಹಾಲಿನಲ್ಲೇ ಎಂದೂ ಹೇಳಿದೆ. ಜೇನುತುಪ್ಪದ ಸೀಸೆಯೂ ತಲೆದೆಸೆಯಲ್ಲಿತ್ತು. ವರ್ಷ ತುಂಬದ ಮಗುವಿಗೆ ಅದನ್ನು ನೆಕ್ಕಿಸಲೇಬಾರದು. ಜೇನಿನಲ್ಲಿ ಇರಬಹುದಾದ ಒಂದು ರೋಗಾಣು ಎಳೆಯ ಕರುಳಲ್ಲಿ ಬೆಳೆದು ವಿಷ ಮಾಡುತ್ತದೆ. ಇದನ್ನು ತಿಳಿಯುವ ಹೊತ್ತಿಗೆ ನನ್ನ ಮಗಳು ಕಾಲೇಜು ಮೆಟ್ಟಿಲು ಹತ್ತಿದ್ದಳು.

“ಮಕ್ಳಿಗೆ ಪಾಠ ಹೇಳೋದು ಬೇರೆ, ಬಾಣಂತನ ಬೇರೆ” ಎಂದು ಆಕೆ ಮುಖ ಗಂಟಿಕ್ಕಿದರು.

“ನಿಮ್ಮ ಎಮ್ಮೆ ಮೊನ್ನೆ ಕರು ಹಾಕ್ತಲ್ಲ, ಆ ಕರೂಗೆ ಸಕ್ಕರೆ ನೀರು ಕುಡಿಸಿದ್ರಾ?” ಎಂದು ಕೇಳಿದೆ.

ಆಕೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು, ತೊಟ್ಟಿಲಿನಿಂದ ಕೂಸನ್ನು ಎತ್ತಿ ಮಗಳ ಪಕ್ಕಕ್ಕೆ ಮಲಗಿಸಿದರು.