ಒಂದು ಚಮಚ ಎಂದರೆ ಎಷ್ಟು?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಯಾವ ಮನೆಗೆ ಹೋದರೂ ಅಡಿಗೆಮನೆಯ ಗೂಡಿನಲ್ಲೋ ಟೀವಿಯ ಪಕ್ಕದಲ್ಲೋ ಅರ್ಧ ಖಾಲಿಯಾದ ಎರಡು ಮೂರು ಔಷಧಿ ಬಾಟಲಿಗಳು ಕಾಣಸಿಗುತ್ತವೆ. ಒಂದು ಜ್ವರದ್ದು, ಒಂದು ಕೆಮ್ಮಿನದು, ಮತ್ತೊಂದು ಯಾವುದಕ್ಕೆ ತಂದದ್ದೆಂದು ಮನೆಯವರಿಗೇ ಮರೆತಿರುತ್ತದೆ. ರಾತ್ರಿ ಹತ್ತು ಗಂಟೆಗೆ ಮಗುವಿನ ಮೈ ಕಾದರೆ ಕೈ ಹೋಗುವುದು ಆ ಗೂಡಿಗೇ. ಜೊತೆಗೆ ಸಾರು ಬಡಿಸುವ ಡಬ್ಬಿಯಿಂದ ಒಂದು ಚಮಚ. ‘ಒಂದು ಚಮಚ ಕುಡಿಸಿ’ ಎಂದು ಡಾಕ್ಟರು ಹಿಂದೆ ಯಾವಾಗಲೋ ಹೇಳಿದ್ದು ನೆನಪಿರುತ್ತದೆ. ಯಾವ ಚಮಚ ಎಂದು ಯಾರೂ ಕೇಳಿರುವುದಿಲ್ಲ.

ವೈದ್ಯರ ಲೆಕ್ಕದಲ್ಲಿ ಒಂದು ಟೀ ಚಮಚವೆಂದರೆ 5 ಮಿಲಿಲೀಟರು. ಊಟದ ದೊಡ್ಡ ಚಮಚ 15 ಮಿಲಿಲೀಟರು, ಅಂದರೆ ಅದರ ಮೂರು ಪಟ್ಟು. ಆದರೆ ಜಾತ್ರೆಯಲ್ಲಿ ಕೊಂಡ ಚಮಚಕ್ಕೂ ಮದುವೆಯಲ್ಲಿ ಉಡುಗೊರೆ ಬಂದ ಚಮಚಕ್ಕೂ ಈ ಲೆಕ್ಕ ತಿಳಿಯದು. ವಿದ್ಯಾರ್ಥಿಗಳು ಒಂದು ಭಾನುವಾರ ಇದನ್ನು ಮಾಡಿ ನೋಡಬಹುದು. ಮನೆಯಲ್ಲಿರುವ ಚಮಚಗಳನ್ನೆಲ್ಲ ಸಾಲಾಗಿ ಇಟ್ಟುಕೊಳ್ಳಿ. ಔಷಧಿ ಅಂಗಡಿಯಲ್ಲಿ ಸೂಜಿಯಿಲ್ಲದ 5 ಮಿಲಿಲೀಟರಿನ ಸಿರಿಂಜು ಕೆಲವೇ ರೂಪಾಯಿಗೆ ಸಿಗುತ್ತದೆ. ಅದರಲ್ಲಿ ನೀರು ತುಂಬಿ ಒಂದೊಂದು ಚಮಚಕ್ಕೂ ಎಷ್ಟು ಹಿಡಿಯುತ್ತದೆಂದು ಬರೆದಿಡಿ. ಒಂದು 3 ಮಿಲಿಲೀಟರಿಗೇ ತುಂಬಿದರೆ ಇನ್ನೊಂದು 7 ಆದರೂ ತುಂಬಿರುವುದಿಲ್ಲ. ಎಳೆಯ ಮಗುವಿಗೆ ಹಾಲು ಹಾಕುವ ಒಳಲೆಯನ್ನೂ ಅಳೆದು ನೋಡಿ. ಅಜ್ಜಿಯ ಕಾಲದ ಒಳಲೆಗೂ ಹೊಸದಾಗಿ ತಂದದ್ದಕ್ಕೂ ಎಷ್ಟು ವ್ಯತ್ಯಾಸವೆಂಬುದು ಆಗ ಗೊತ್ತಾಗುತ್ತದೆ.

ಬಾಟಲಿಯ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳದಲ್ಲಿ ಗೆರೆಗಳಿರುತ್ತವೆ. ಅದನ್ನು ಸಮತಟ್ಟಾದ ಜಾಗದಲ್ಲಿಟ್ಟು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ದ್ರವದ ಮೇಲ್ಮೈಯ ತಗ್ಗು ಭಾಗ ಎಲ್ಲಿದೆಯೆಂದು ನೋಡಬೇಕು. ಪ್ರಯೋಗಾಲಯದಲ್ಲಿ ಅಳತೆ ಜಾಡಿಯನ್ನು ಓದುವ ಕ್ರಮವೇ ಇದು. ಕೈಯಲ್ಲಿ ಎತ್ತಿ ಹಿಡಿದು ಓರೆಯಾಗಿ ನೋಡಿದರೆ ಲೆಕ್ಕ ತಪ್ಪುತ್ತದೆ. 5 ಮಿಲಿಲೀಟರಿಗಿಂತ ಕಡಿಮೆ ಕೊಡಬೇಕಾದಾಗ ಮುಚ್ಚಳಕ್ಕಿಂತ ಸಿರಿಂಜೇ ವಾಸಿ. ಸಿರಿಂಜಿನಿಂದ ಔಷಧಿಯನ್ನು ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಬೇಕು. ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ ಮೂಗು ಹಿಡಿದು ಸುರಿಯುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಅದರಲ್ಲಿ ಔಷಧಿ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯುವ ಭಯವಿದೆ.

ಅಳತೆ ಸರಿಯಾದರೆ ಅರ್ಧ ಕೆಲಸವಷ್ಟೇ ಮುಗಿಯಿತು. ಮಂಡ್ಯ ಸಕ್ಕರೆಯ ನಾಡು. ಒಂದು ಉಂಡೆ ಬೆಲ್ಲವನ್ನು ಒಂದು ಲೋಟ ನೀರಿಗೆ ಹಾಕಿದರೂ ಪಾನಕ, ಒಂದು ಬಿಂದಿಗೆ ನೀರಿಗೆ ಹಾಕಿದರೂ ಪಾನಕವೇ. ಎರಡರಿಂದಲೂ ಒಂದೊಂದು ಚಮಚ ತೆಗೆದುಕೊಂಡರೆ ಬಾಯಿಗೆ ಬರುವ ಬೆಲ್ಲ ಒಂದೇ ಅಲ್ಲ. ಔಷಧಿಯೂ ಹಾಗೆಯೇ. ಮಿಲಿಲೀಟರು ದ್ರವದ ಅಳತೆ, ಮಿಲಿಗ್ರಾಂ ಅದರೊಳಗಿನ ಮದ್ದಿನ ಅಳತೆ. ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಸಿಟಮಾಲನ್ನೇ ನೋಡಿ. 5 ಮಿಲಿಲೀಟರಿನಲ್ಲಿ 120 ಅಥವಾ 125 ಮಿಲಿಗ್ರಾಂ ಇರುವ ಸಿರಪ್ಪು ಇದೆ. 250 ಮಿಲಿಗ್ರಾಂ ಇರುವುದೂ ಇದೆ. ಎಳೆಗೂಸುಗಳಿಗೆಂದೇ ಇರುವ ಹನಿ ಔಷಧಿ, ಅಂದರೆ ‘ಡ್ರಾಪ್ಸ್’ನಲ್ಲಿ ಸಾಮಾನ್ಯವಾಗಿ ಪ್ರತಿ 1 ಮಿಲಿಲೀಟರಿಗೇ 100 ಮಿಲಿಗ್ರಾಂ ಇರುತ್ತದೆ. ಬಾಟಲಿ ಚಿಕ್ಕದು, ಮಗುವೂ ಚಿಕ್ಕದು, ಆದ್ದರಿಂದ ಮದ್ದೂ ಸೌಮ್ಯವಾಗಿರಬೇಕೆಂದು ಎಲ್ಲರೂ ಎಣಿಸುತ್ತಾರೆ. ನಿಜವಾಗಿ ಎಲ್ಲಕ್ಕಿಂತ ಗಟ್ಟಿಯಾದದ್ದು ಅದೇ. ಕಡಿಮೆ ದ್ರವದಲ್ಲಿ ಕೆಲಸ ಮುಗಿಯಲೆಂದು ಹಾಗೆ ಮಾಡಿರುತ್ತಾರೆ. ಒಂದು ಟೀ ಚಮಚ ಡ್ರಾಪ್ಸ್ ಕುಡಿಸಿದರೆ ಮಗುವಿನ ಹೊಟ್ಟೆಗೆ 500 ಮಿಲಿಗ್ರಾಂ, ಅಂದರೆ ದೊಡ್ಡವರು ನುಂಗುವ ಒಂದು ಇಡೀ ಮಾತ್ರೆ ಹೋದಂತೆ!

ಲೆಕ್ಕ ಹೀಗಿದೆ. ಪ್ಯಾರಸಿಟಮಾಲ್ ಒಂದು ಸಲಕ್ಕೆ ಮಗುವಿನ ತೂಕದ ಪ್ರತಿ ಕಿಲೋಗ್ರಾಮಿಗೆ ಹೆಚ್ಚೆಂದರೆ 15 ಮಿಲಿಗ್ರಾಂ. 5 ಕಿಲೋ ತೂಗುವ ಕೂಸಿಗೆ 75 ಮಿಲಿಗ್ರಾಂ ಆಯಿತು. 125ರ ಸಿರಪ್ಪಿನಲ್ಲಿ ಇದು 3 ಮಿಲಿಲೀಟರು, 250ರದ್ದರಲ್ಲಿ ಒಂದೂವರೆ, ಡ್ರಾಪ್ಸ್‌ನಲ್ಲಿ ಮುಕ್ಕಾಲು ಮಿಲಿಲೀಟರು ಮಾತ್ರ. ಸಿರಪ್ಪಿನ 3 ಮಿಲಿಲೀಟರನ್ನು ನೆನಪಿಟ್ಟುಕೊಂಡು ಡ್ರಾಪ್ಸ್ ಬಾಟಲಿಯಿಂದ ಅಷ್ಟನ್ನೇ ಕೊಟ್ಟರೆ ನಾಲ್ಕು ಪಟ್ಟಾಗುತ್ತದೆ. ಈ ಗೊಂದಲ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲೂ ಇದರಿಂದ ಕೂಸುಗಳಿಗೆ ಅಪಾಯವಾಗುತ್ತಿದ್ದುದರಿಂದ 2011ರಲ್ಲಿ ಅಲ್ಲಿನ ತಯಾರಕರು ಮಕ್ಕಳ ದ್ರವ ಪ್ಯಾರಸಿಟಮಾಲನ್ನು ಒಂದೇ ಗಾಢತೆಗೆ, 5 ಮಿಲಿಲೀಟರಿಗೆ 160 ಮಿಲಿಗ್ರಾಂ ಎಂದು, ತರಲು ಒಪ್ಪಿದರು. ನಮ್ಮಲ್ಲಿ ಮೂರು ನಾಲ್ಕು ಬಗೆ ಒಂದೇ ಕಪಾಟಿನಲ್ಲಿ ನಿಂತಿರುತ್ತವೆ. ಅಂಗಡಿಯವರು ‘ಅದಿಲ್ಲ, ಇದೂ ಅದೇ ಕಂಟೆಂಟು’ ಎಂದು ಬೇರೆ ಬಾಟಲಿ ಕೊಟ್ಟರೆ ಚೀಟಿಯಲ್ಲಿರುವ ಅಂಕಿಯನ್ನೂ ಲೇಬಲ್ಲಿನ ಅಂಕಿಯನ್ನೂ ಹೋಲಿಸಿ ನೋಡದೆ ಅಂಗಡಿ ಬಿಡಬಾರದು. ಇಂಗ್ಲಿಷು ಓದಲು ಬಾರದ ತಾಯಂದಿರಿಗೆ ಹೈಸ್ಕೂಲಿಗೆ ಹೋಗುವ ಮಗನೋ ಮಗಳೋ ಇದನ್ನು ಓದಿ ಹೇಳಬಹುದು.

ವಯಸ್ಸಿಗಿಂತ ತೂಕ ಮುಖ್ಯ. ಒಂದೇ ವಯಸ್ಸಿನ ಎರಡು ಮಕ್ಕಳಲ್ಲಿ ಒಂದು 8 ಕಿಲೋ, ಮತ್ತೊಂದು 12 ಕಿಲೋ ಇರಬಹುದು. ತೂಕ ಗೊತ್ತಿಲ್ಲವೆನ್ನುವ ಹಾಗೂ ಇಲ್ಲ. ಅಂಗನವಾಡಿಯಲ್ಲಿ ತಿಂಗಳು ತಿಂಗಳು ತೂಗುತ್ತಾರೆ, ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ಹಿಂದಿನ ಕಾಲದಲ್ಲಿ ವಯಸ್ಸಿನ ಮೇಲೇ ಒಂದು ಸೂತ್ರವಿತ್ತು: ಮಗುವಿನ ವಯಸ್ಸನ್ನು, ವಯಸ್ಸು ಮತ್ತು 12ರ ಮೊತ್ತದಿಂದ ಭಾಗಿಸಿ ದೊಡ್ಡವರ ಪ್ರಮಾಣಕ್ಕೆ ಗುಣಿಸುವುದು. ನಾಲ್ಕು ವರ್ಷದ ಮಗುವಿಗೆ ಕಾಲು ಭಾಗ ಬರುತ್ತದೆ. ಇದನ್ನು ಹೇಳಿದವನು ಥಾಮಸ್ ಯಂಗ್. ಬೆಳಕು ತರಂಗವೆಂದು ಎರಡು ಸೀಳುಗಳ ಪ್ರಯೋಗದಿಂದ ತೋರಿಸಿದ ಅದೇ ಯಂಗ್! ಪಿಯುಸಿ ಭೌತಶಾಸ್ತ್ರದಲ್ಲಿ ಅವನ ಹೆಸರು ಓದುವವರಿಗೆ ಅವನು ವೃತ್ತಿಯಲ್ಲಿ ವೈದ್ಯನೆಂಬುದು ಗೊತ್ತಿರುವುದಿಲ್ಲ. ಅವನ ಸೂತ್ರ ಈಗ ಬಳಕೆಯಲ್ಲಿಲ್ಲ. ಒಂದು ತಿಂಗಳ ಕೂಸಿನ ವಿಷಯದಲ್ಲಿ ಅದು ಏನನ್ನೂ ಹೇಳಲಾರದು.

ಮಗು ಎಂದರೆ ದೊಡ್ಡವರ ಚಿಕ್ಕ ಪ್ರತಿಯಲ್ಲ ಎಂಬುದೇ ಇದಕ್ಕೆ ಕಾರಣ. ಮದ್ದನ್ನು ಒಡೆದು ಹೊರಹಾಕುವ ಯಕೃತ್ತಿನ ಕಿಣ್ವಗಳು ನವಜಾತ ಶಿಶುವಿನಲ್ಲಿ ಇನ್ನೂ ಬಲಿತಿರುವುದಿಲ್ಲ, ಮೂತ್ರಪಿಂಡಗಳೂ ಪೂರ್ತಿ ಕೆಲಸ ಮಾಡುವುದಿಲ್ಲ. ಕ್ಲೋರಾಂಫೆನಿಕಾಲ್ ಎಂಬ ಜೀವನಿರೋಧಕವನ್ನು ನವಜಾತ ಶಿಶುಗಳಿಗೆ ಕೊಟ್ಟಾಗ ಮೈ ಬೂದುಬಣ್ಣಕ್ಕೆ ತಿರುಗಿ ಸಾಯುವುದನ್ನು 1959ರಲ್ಲಿ ವೈದ್ಯರು ವರದಿ ಮಾಡಿದರು. ದೊಡ್ಡವರ ದೇಹ ಹೊರಹಾಕುತ್ತಿದ್ದ ಮದ್ದು ಕೂಸಿನ ರಕ್ತದಲ್ಲಿ ಶೇಖರವಾಗುತ್ತಿತ್ತು. ಆಸ್ಪಿರಿನ್ ಕೂಡ ಮಕ್ಕಳ ಜ್ವರಕ್ಕೆ ಸಲ್ಲದು. ಡೆಂಗ್ಯೂ ಇರಬಹುದೆಂಬ ಕಾಲದಲ್ಲಿ ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್ ಇರುವ ಸಿರಪ್ಪುಗಳೂ ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ನಿಮೆಸುಲೈಡನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2011ರಲ್ಲೇ ನಿಷೇಧಿಸಿದೆ. ಇನ್ನು ಎರಡು ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಯಲ್ಲಿ ಲೆಕ್ಕ ಹಾಕುತ್ತ ಕೂರುವ ಪ್ರಶ್ನೆಯೇ ಇಲ್ಲ. ಆಸ್ಪತ್ರೆಗೇ ಹೊರಡಬೇಕು.

ಪ್ಯಾರಸಿಟಮಾಲನ್ನು ಎರಡು ಸಲದ ನಡುವೆ ನಾಲ್ಕು ಗಂಟೆಯಾದರೂ ಬಿಟ್ಟು ಕೊಡಬೇಕು, ಇಪ್ಪತ್ತನಾಲ್ಕು ಗಂಟೆಯಲ್ಲಿ ನಾಲ್ಕು ಸಲ ಮೀರಬಾರದು. ಕೂಡುಕುಟುಂಬದಲ್ಲಿ ಇದು ತಪ್ಪುವುದು ಸುಲಭ. ಗದ್ದೆಯಿಂದ ಬಂದ ಸೊಸೆ ಮಗುವಿಗೆ ಔಷಧಿ ಕುಡಿಸಿ ಆದಮೇಲೆ ಅತ್ತೆಯನ್ನು ಕೇಳುತ್ತಾಳೆ. ‘ಹೂಂ ಕನವ್ವ, ನೀನು ಬರೋಕೆ ಮುಂಚೇನೇ ಒಂದ್ ಚಮ್ಚ ಕುಡಿಸಿವ್ನಿ.’ ‘ಅಯ್ಯೋ ಅತ್ತೆ, ನಾನೂ ಈಗ್ತಾನೆ ಕುಡಿಸ್ದೆ!’ ಕುಡಿಸಿದ ಹೊತ್ತನ್ನೂ ಮಿಲಿಲೀಟರನ್ನೂ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ ಈ ಪಾಡಿಲ್ಲ. ಕೆಲವು ನೆಗಡಿ ಸಿರಪ್ಪುಗಳಲ್ಲೂ ಪ್ಯಾರಸಿಟಮಾಲ್ ಸೇರಿರುತ್ತದೆ. ಜ್ವರಕ್ಕೊಂದು, ನೆಗಡಿಗೊಂದು ಎಂದು ಎರಡನ್ನೂ ಕೊಟ್ಟರೆ ಗೊತ್ತಿಲ್ಲದೆಯೇ ದುಪ್ಪಟ್ಟಾಯಿತು. ಪ್ರಮಾಣ ವಿಪರೀತವಾದ ಮೊದಲ ದಿನ ಮಗು ಆಡಿಕೊಂಡೇ ಇರಬಹುದು, ಹೆಚ್ಚೆಂದರೆ ವಾಂತಿ. ಯಕೃತ್ತು ಕೆಡುವುದು ಎರಡನೆಯ, ಮೂರನೆಯ ದಿನ ಕಾಣಿಸುತ್ತದೆ. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ. ಅದು ಚೆನ್ನಾಗಿ ಕೆಲಸ ಮಾಡುವುದು ಮೊದಲ ಎಂಟು ಗಂಟೆಗಳೊಳಗೆ. ‘ಏನೂ ಆಗಿಲ್ಲವಲ್ಲ, ನಾಳೆ ನೋಡೋಣ’ ಎನ್ನುವ ಮಾತು ಇಲ್ಲಿ ದುಬಾರಿಯಾಗುತ್ತದೆ.

ಕೆಮ್ಮಿನ ಸಿರಪ್ಪಿನ ಮಾತು ಬೇರೆ. ಅಲ್ಲಿ ಅಳತೆ ಸರಿಯಿದ್ದರೂ ಸಾಲದು. 2025ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆ ಮತ್ತು ಸುತ್ತಮುತ್ತ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ ತಯಾರಾದ ‘ಕೋಲ್ಡ್ರಿಫ್’ ಸಿರಪ್ಪನ್ನು ಪರೀಕ್ಷಿಸಿದಾಗ ಶೇಕಡ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಸಿಕ್ಕಿತು. ಇರಬಹುದಾದ ಮಿತಿ ಶೇಕಡ 0.1. ಇದು ಸಿಹಿಯಾದ, ಬಣ್ಣವಿಲ್ಲದ, ಕಾರ್ಖಾನೆಗಳಲ್ಲಿ ಬಳಸುವ ದ್ರವ. ಸಿರಪ್ಪಿಗೆ ಹಾಕಬೇಕಾದ ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲಿನಂತೆಯೇ ಕಾಣುತ್ತದೆ, ಅವಕ್ಕಿಂತ ಅಗ್ಗ. ಇದೇ ವಿಷ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು, 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಹದಿನಾಲ್ಕು ರೋಗಿಗಳನ್ನು, 1998ರಲ್ಲಿ ಗುರಗಾಂವಿನ ಕಡೆ ಮೂವತ್ತಕ್ಕೂ ಹೆಚ್ಚು ಮಕ್ಕಳನ್ನು, 2022ರಲ್ಲಿ ಗ್ಯಾಂಬಿಯಾದಲ್ಲಿ ಸುಮಾರು ಎಪ್ಪತ್ತು ಮಕ್ಕಳನ್ನು ಕೊಂದಿತು. ತೊಂಬತ್ತು ವರ್ಷಗಳಿಂದ ಗೊತ್ತಿರುವ ವಿಷವನ್ನು ಬಾಟಲಿಗೆ ತುಂಬುವ ಮುನ್ನ ಒಮ್ಮೆ ಪರೀಕ್ಷಿಸಲಾಗದಿದ್ದರೆ ಅದಕ್ಕೆ ಅಲಕ್ಷ್ಯವೆಂದಲ್ಲದೆ ಬೇರೆ ಹೆಸರಿಲ್ಲ. ಛಿಂದ್ವಾಡಾ ದುರಂತದ ನಂತರ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವೂ ಕರ್ನಾಟಕದ ಆರೋಗ್ಯ ಇಲಾಖೆಯೂ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ಪು ಬೇಡವೆಂದು ಸೂಚನೆ ಹೊರಡಿಸಿದವು. ಐದು ವರ್ಷದವರೆಗೂ ಅವು ಸಾಮಾನ್ಯವಾಗಿ ಬೇಡವೆಂಬುದು ಕೇಂದ್ರದ ಸೂಚನೆ. ಮಕ್ಕಳ ನೆಗಡಿ ಕೆಮ್ಮು ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುನ್ನ ಸ್ವಲ್ಪ ಜೇನುತುಪ್ಪ ಕೊಡಬಹುದು. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು, ಬಾಟ್ಯುಲಿಸಂ ಎಂಬ ವಿಷಬಾಧೆಯ ಸಂಭವವಿದೆ. ಉಸಿರಾಟ ವೇಗವಾದರೆ, ಪಕ್ಕೆ ಒಳಕ್ಕೆ ಎಳೆದುಕೊಂಡರೆ ಅದು ಸಿರಪ್ಪಿನ ಕಾಯಿಲೆಯಲ್ಲ, ಆಸ್ಪತ್ರೆಯ ಕಾಯಿಲೆ.

ಪುಡಿ ರೂಪದಲ್ಲಿ ಬರುವ ಜೀವನಿರೋಧಕ ಸಿರಪ್ಪಿಗೆ ಕಾಯಿಸಿ ಆರಿಸಿದ ನೀರನ್ನು ಬಾಟಲಿಯ ಮೇಲಿನ ಗುರುತಿನವರೆಗೆ ಮಾತ್ರ ಹಾಕಿ ಕುಲುಕಬೇಕು. ಕಲಸಿದ ಮೇಲೆ ಅದರ ಆಯುಷ್ಯ ಸಾಮಾನ್ಯವಾಗಿ ಒಂದು ವಾರ. ಮಿಕ್ಕದ್ದನ್ನು ಮುಂದಿನ ಸಲ ತಮ್ಮನಿಗೆಂದು ಎತ್ತಿಡುವುದು ಉಳಿತಾಯವಲ್ಲ. ಭೇದಿಗೆ ಕೊಡುವ ಓಆರ್‌ಎಸ್ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಅದನ್ನು ಒಂದು ಲೋಟಕ್ಕೇ ಹಾಕಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಕೇಡಾಗುತ್ತದೆ. ಓಆರ್‌ಎಸ್ ಎಂಬ ಅಕ್ಷರಗಳನ್ನು ಹೊತ್ತು ಮಾರಾಟವಾಗುತ್ತಿದ್ದ ಸಿಹಿ ಪಾನೀಯಗಳು ಆ ಹೆಸರನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆಜ್ಞೆ ಮಾಡಿತು.

ಕೊನೆಯದಾಗಿ, ಔಷಧಿಯೆಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಔಷಧಿ. ಗರ್ಭಿಣಿಯರಿಗೆ ಸರ್ಕಾರ ಕೊಡುವ ಕಬ್ಬಿಣದ ಕೆಂಪು ಮಾತ್ರೆಯ ಮೇಲೆ ಸಕ್ಕರೆಯ ಲೇಪವಿರುತ್ತದೆ. ಮಗುವಿನ ಕಣ್ಣಿಗೆ ಅದು ಪೆಪ್ಪರ್‌ಮಿಂಟೇ ಸರಿ. ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣ. ಹತ್ತು ಕಿಲೋ ತೂಗುವ ಮಗು ಹತ್ತು ಮಾತ್ರೆ ನುಂಗಿದರೆ ಕಿಲೋ ಒಂದಕ್ಕೆ 60 ಮಿಲಿಗ್ರಾಂ ಆಗುತ್ತದೆ. ಪ್ರಾಣಕ್ಕೆ ಅಪಾಯವಾಗುವ ಮಟ್ಟವದು. ಅದರ ಮೂರನೆಯ ಒಂದು ಭಾಗಕ್ಕೇ ವಾಂತಿ, ಭೇದಿ ಶುರುವಾಗಬಹುದು. ಕೆಲವೊಮ್ಮೆ ವಾಂತಿ ನಿಂತು ಮಗು ಸುಧಾರಿಸಿದಂತೆ ಕಂಡು ಆಮೇಲೆ ಕುಸಿಯುವುದೂ ಉಂಟು. ಮಗು ನುಂಗಿದೆಯೆಂದು ಅನುಮಾನ ಬಂದರೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ 108ಕ್ಕೆ ಕರೆ ಮಾಡಿ ತಾಲೂಕು ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಹೊರಡಬೇಕು. ಹೊರಡುವಾಗ ಮಾತ್ರೆಯ ಖಾಲಿ ಪಟ್ಟಿಯನ್ನೂ ಮನೆಯಲ್ಲಿರುವ ಔಷಧಿ ಬಾಟಲಿಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಒಯ್ಯಿರಿ. ಏನನ್ನು, ಎಷ್ಟನ್ನು, ಯಾವ ಹೊತ್ತಿನಲ್ಲಿ ಎಂದು ವೈದ್ಯರು ಕೇಳಿದಾಗ ಗಾಬರಿಯಲ್ಲಿ ಹೆಸರು ಬಾಯಿಗೆ ಬರುವುದಿಲ್ಲ.