ಟ್ಯಾಪೆಟ್ ಸದ್ದು ಮಾಡಲಿ ಬಿಡ್ರೋ! (ಹಳೇ ಬುಲೆಟ್ ಸರಣಿ, ಭಾಗ 5)

ಕಳೆದ ವಿಡಿಯೋ ಕೆಳಗೆ ಎಲ್ಲರದ್ದೂ ಒಂದೇ ಕಾಮೆಂಟು: "ಟಿಕ್ ಟಿಕ್ ಅಂತಿದೆಯಲ್ಲೋ, ಟ್ಯಾಪೆಟ್ ಟೈಟ್ ಮಾಡ್ಸು."

ಮಾಡ್ಸಿದ್ದೆ ಕಣ್ರೋ. ಹೋದ ವರ್ಷ ನಾನೇ ಮೆಕ್ಯಾನಿಕ್ ಹತ್ರ ಹಠ ಹಿಡಿದು ಸದ್ದೇ ಬರದ ಹಾಗೆ ಬಿಗಿ ಮಾಡಿಸ್ಕೊಂಡೆ. ತಿಪಟೂರಿಂದ ತುರುವೇಕೆರೆವರೆಗೂ ಬೆಣ್ಣೆ ಥರ ಓಡ್ತು. ಎರಡು ತಿಂಗಳಿಗೆ ಕಿಕ್ ಹೊಡೆದ್ರೆ ಕಂಪ್ರೆಶನ್ನೇ ಇಲ್ಲ. ಹೆಡ್ ಬಿಚ್ಚಿದಾಗ ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟಿತ್ತು. ಎರಡನೇ ಫೋಟೋ ಅದೇ.

ಯಾಕಂದ್ರೆ, ವಾಲ್ವ್ ತನ್ನ ಬಿಸಿಯನ್ನ ಬಹುಪಾಲು ಬಿಟ್ಟುಕೊಡೋದು ಸೀಟಿನ ಮೇಲೆ ಕೂತಾಗ. ಟ್ಯಾಪೆಟ್ ಅತಿಯಾಗಿ ಬಿಗಿ ಆದ್ರೆ ಪುಶ್‌ರಾಡ್ ಅದನ್ನ ಕೂರೋಕೇ ಬಿಡಲ್ಲ, ಸಂದಿಯಲ್ಲಿ ಬೆಂಕಿ ನುಗ್ಗುತ್ತೆ. ನೀರಿನ ಜಾಕೆಟ್ ಬೇರೆ ಇಲ್ಲ, ಗಾಳಿಯೇ ಗತಿ. ನಮ್ಮೂರವರಿಗೆ ಇದು ಗೊತ್ತಿರಬೇಕಿತ್ತು! ಅಟ್ಟದ ಮೇಲಿನ ಕಾಯಿ ಅಲ್ಲಾಡಿಸಿದಾಗ ಒಳಗೆ ಗಿಟುಕು ಲೊಟಗುಟ್ಟಿದ್ರೆ ತಾನೇ ಕೊಬ್ಬರಿ ಆಗಿದೆ ಅನ್ನೋದು?

"ಹೈಡ್ರಾಲಿಕ್ ಇರೋ ಗಾಡಿ ತಗೊಂಡ್ರೆ ಈ ತಲೆನೋವೇ ಇರಲ್ಲ" ಅಂತೀರ. ನಿಜ. 2009ರ ಕ್ಲಾಸಿಕ್‌ನ ಯುಸಿಇ ಎಂಜಿನ್‌ನಲ್ಲಿ ಟ್ಯಾಪೆಟ್ ಒಳಗೊಂದು ಪುಟ್ಟ ಪ್ಲಂಜರ್ ಇದೆ, ಆಯಿಲ್ ತುಂಬಿಕೊಂಡು ಗ್ಯಾಪನ್ನ ತಾನೇ ಮುಚ್ಚುತ್ತೆ. ದಿನಾ ಓಡಿಸೋನಿಗೆ ಅದೇ ಒಳ್ಳೇದು, ವಾದ ಮಾಡಲ್ಲ. ಆದ್ರೆ ನಮ್ಮ ಗಾಡಿಗಳು ಕೊಟ್ಟಿಗೇಲಿ ಸಿಪ್ಪೆ ರಾಶಿ ಪಕ್ಕ ವಾರಗಟ್ಟಲೆ ನಿಂತಿರ್ತವೆ, ಆಯಿಲ್ ಕಪ್ಪಾಗಿರುತ್ತೆ. ಹೈಡ್ರಾಲಿಕ್‌ಗೆ ಬೇಕಿರೋದೇ ಶುದ್ಧ ಆಯಿಲ್. ಒಳಗೆ ಕಸ ಸಿಕ್ಕಿಕೊಂಡ್ರೆ ತಿರುಗಿಸೋಕೆ ಸ್ಕ್ರೂ ಇಲ್ಲ, ಬಿಚ್ಚಿ ತೊಳೀಬೇಕು ಇಲ್ಲಾ ಬದಲಾಯಿಸಬೇಕು. ನನ್ನ ಕ್ಯಾಸ್ಟ್ ಐರನ್ ಎಂಜಿನ್‌ಗಾದ್ರೆ ಸ್ಪ್ಯಾನರ್ ಸಾಕು, ಚಿಕ್ಕನಾಯಕನಹಳ್ಳಿ ದಾರೀಲಿ ಯಾವುದೋ ತೋಟದ ಬದುವಿನ ಮೇಲೂ ಮಾಡ್ಕೋಬಹುದು.

ಫೋಕ್ಸ್‌ವ್ಯಾಗನ್ ಬೀಟಲ್ ಕಾರೂ ಗಾಳಿಯಿಂದ ತಣಿಯೋದೇ. ದಶಕಗಟ್ಟಲೆ ಸಾಲಿಡ್ ಟ್ಯಾಪೆಟ್‌ನಲ್ಲೇ ಓಡ್ತು, ತಣ್ಣಗಿದ್ದಾಗ 0.15 ಮಿ.ಮೀ. ಗ್ಯಾಪ್ ಇಡ್ತಿದ್ರು. ಮೆಕ್ಸಿಕೋದ ಬೀಟಲ್‌ಗೆ ಹೈಡ್ರಾಲಿಕ್ ಬಂದಿದ್ದೇ 1990ರ ದಶಕದಲ್ಲಿ. ಇನ್ನೂ ಮಜಾ ಅಂದ್ರೆ, 2020ರ ಮೀಟಿಯಾರ್ 350ರಲ್ಲಿ ರಾಯಲ್ ಎನ್‌ಫೀಲ್ಡ್‌ನವರೇ ಹೈಡ್ರಾಲಿಕ್ ಬಿಟ್ಟು ಮತ್ತೆ ಸ್ಕ್ರೂ, ಲಾಕ್‌ನಟ್‌ಗೆ ಬಂದ್ರು. ಹಳೇದು ಅಂತ ನಗ್ತಿದ್ದೋರು ಹೇಳಿ ಈಗ?

ಮಾಡೋದು ಹೀಗೆ: ಎಂಜಿನ್ ಪೂರ್ತಿ ತಣ್ಣಗಿರಲಿ, ಬೆಳಗ್ಗೆನೇ ಒಳ್ಳೇದು. ಪಿಸ್ಟನ್ ಕಂಪ್ರೆಶನ್ ತುದಿಗೆ ಬರಲಿ. ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಲಾಕ್‌ನಟ್ ಬಿಗಿದ ಮೇಲೆ ಇನ್ನೊಂದು ಸಲ ತಿರುಗಿಸಿ ನೋಡಿ, ಬಿಗಿಯೋವಾಗಲೇ ಸೆಟ್ಟಿಂಗ್ ಬದಲಾಗೋದು. ಕವರಿನ ನಟ್ಟು ಜಾಸ್ತಿ ಬಿಗೀಬೇಡಿ, ಆಯಿಲ್ ಸೋರುತ್ತೆ. ಬಿಗಿಯದಿದ್ರೂ ಸೋರುತ್ತೆ, ಅದು ಮುಂದಿನ ಭಾಗಕ್ಕೆ.